ಹಿಮ್ಮೇಳದ ನಡುವೆ ನಾಲ್ಕು ಮೊಳ

2020ರ ಫೆಬ್ರವರಿ 5, 6 ಮತ್ತು 7ರಂದು ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಎಚ್.ಎಸ್. ವೆಂಕಟೇಶಮೂರ್ತಿ ಅಧ್ಯಕ್ಷರಾಗಿದ್ದರು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮಂದಿ ಬಸ್ಸು, ಕ್ರೂಸರ್ ತುಂಬಿಕೊಂಡು ಹೋಗಿದ್ದೆವು. ಊಟದ ಸಾಲು, ಪುಸ್ತಕದ ಮಳಿಗೆ, ಮುಖ್ಯ ವೇದಿಕೆಯ ಮುಂದಿನ ನೆಲ, ಎಲ್ಲಿ ನೋಡಿದರೂ ಹೆಗಲಿಗೆ ಹೆಗಲು ತಾಗುತ್ತಿತ್ತು. ಒಂದು ತಿಂಗಳು ಕಳೆಯಿತು. ಮಾರ್ಚ್ 10ರಂದು ಅದೇ ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನದ ಮೇಲೆ ಪರೀಕ್ಷೆಯ ವರದಿ ಬಂತು. ದೇಶದಲ್ಲಿ ಕೊರೊನಾಕ್ಕೆ ಬಲಿಯಾದ ಮೊದಲ ಜೀವ ಅದು.

ಅದೇ ಮಾರ್ಚ್ 10ರ ತಾರೀಖಿನ ಸಂಜೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ವರ್ನನ್ ಎಂಬ ಊರಿನ ಚರ್ಚಿನ ಸಭಾಂಗಣದಲ್ಲಿ ಒಂದು ಹಾಡಿನ ಮೇಳದವರು ತಾಲೀಮಿಗೆ ಕೂಡಿದ್ದರು. ಒಟ್ಟು 61 ಮಂದಿ, ಎರಡೂವರೆ ತಾಸಿನ ಅಭ್ಯಾಸ. ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿದ್ದರು, ಒಬ್ಬರನ್ನೊಬ್ಬರು ಅಪ್ಪಿಕೊಳ್ಳುವುದನ್ನೂ ಬಿಟ್ಟಿದ್ದರು. ಆದರೆ ಕುರ್ಚಿಗಳು ಒತ್ತೊತ್ತಾಗಿದ್ದವು, ಅವರಲ್ಲೊಬ್ಬರಿಗೆ ಆಗಲೇ ಸಣ್ಣ ನೆಗಡಿಯಂತಹ ತೊಂದರೆ ಇತ್ತು. ಕೊನೆಗೆ ಲೆಕ್ಕ ಹಾಕಿದಾಗ ಆ 61 ಮಂದಿಯಲ್ಲಿ 53 ಮಂದಿಗೆ ರೋಗ ಬಂದಿತ್ತು. ಇಬ್ಬರು ತೀರಿಕೊಂಡರು. ಹಾಡುವವರ ಬಾಯಿಂದ ಹೊರಡುವ, ಕಣ್ಣಿಗೆ ಕಾಣದ ಹನಿಗಳು ಮುಚ್ಚಿದ ಖೋಲಿಯ ಗಾಳಿಯಲ್ಲಿ ತೇಲಿಕೊಂಡೇ ಇರುತ್ತವೆ ಎಂಬ ಸಂಶಯಕ್ಕೆ ಆ ಒಂದು ಸಂಜೆ ದೊಡ್ಡ ಸಾಕ್ಷಿಯಾಯಿತು.

ಈ ಎರಡು ಮಾರ್ಚ್ ಹತ್ತುಗಳನ್ನು ನಾನು ಒಟ್ಟಿಗೆ ಇಟ್ಟುಕೊಂಡೇ ಯೋಚಿಸುತ್ತೇನೆ. ಒಂದರಿಂದ ನಮ್ಮ ಜಿಲ್ಲೆ ಹೆದರಿತು. ಇನ್ನೊಂದರಲ್ಲಿ ಹಾಡು ಉಳಿಸಿಕೊಳ್ಳುವ ದಾರಿ ಏನೆಂಬುದಿತ್ತು. ಹೆದರಿಕೆ ಊರೂರಿಗೆ ಮುಟ್ಟಿತು, ದಾರಿಯ ಸುದ್ದಿ ಮುಟ್ಟಲಿಲ್ಲ.

ಆ ವರ್ಷ ಯುಗಾದಿ ಮಾರ್ಚ್ 25ಕ್ಕೆ. ದೇಶವ್ಯಾಪಿ ಲಾಕ್‌ಡೌನಿನ ಮೊದಲ ದಿನವೂ ಅದೇ. ನಮ್ಮ ಸೀಮೆಯಲ್ಲಿ ಯುಗಾದಿ ಎಂದರೆ ಹಬ್ಬದ ಜೊತೆಗೆ ಜಾತ್ರೆಗಳ ಸುಗ್ಗಿ ಕೂಡ. ಸಂಕ್ರಮಣದಿಂದ ಹಿಡಿದು ಮುಂಗಾರಿನ ತನಕ ಊರೂರಿಗೆ ತೇರು, ತೇರಿನ ರಾತ್ರಿಗೆ ನಾಟಕ, ಮರುದಿನ ಗೀಗಿ ಪದ, ಗುಡಿಯಲ್ಲಿ ಸಪ್ತಾಹ. ಸನಾದಿ ಊದುವವರು, ಹಲಗಿ ಬಡಿಯುವವರು, ಬ್ಯಾಂಡಿನವರು, ನಾಟಕದ ಮಾಸ್ತರರು, ಸೀನು ಬಾಡಿಗೆಗೆ ಕೊಡುವವರು, ಲೈಟು-ಮೈಕಿನವರು ವರ್ಷದ ಅನ್ನ ಗಳಿಸುವುದು ಈ ನಾಲ್ಕೈದು ತಿಂಗಳಲ್ಲಿ. ಮೊದಲ ಅಲೆ ಬಂದದ್ದು ಆಗ. ಎರಡನೆಯ ಅಲೆಯೂ ಸರಿಯಾಗಿ ಮರುವರ್ಷದ ಜಾತ್ರೆಯ ಹೊತ್ತಿಗೇ ಬಂತು. 2021ರ ಏಪ್ರಿಲ್ 10ರಿಂದ ರಾಜ್ಯದ ಕೆಲವೇ ನಗರಗಳಿಗೆ ರಾತ್ರಿ ಕರ್ಫ್ಯೂ ಹಾಕಿದಾಗ ಆ ಪಟ್ಟಿಯಲ್ಲಿ ಕಲಬುರಗಿಯೂ ಇತ್ತು, ಏಪ್ರಿಲ್ 27ರಿಂದ ಇಡೀ ರಾಜ್ಯವೇ ಬಂದ್. ರೈತನಿಗೆ ಸಾಲಾಗಿ ಎರಡು ಹಂಗಾಮು ಕೈಕೊಟ್ಟರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹಾಡುವವನಿಗೂ ಹಾಗೇ ಎರಡು ಹಂಗಾಮು ಹೋದವು.

ನಡುವಿನ ತಿಂಗಳುಗಳಲ್ಲಿ ಬಂದ ನಿಯಮಗಳನ್ನು ಈಗ ಮತ್ತೆ ಓದಿದರೆ, ಅವೆಲ್ಲ ತಲೆ ಎಣಿಸುವ ನಿಯಮಗಳು. 2020ರ ಆಗಸ್ಟ್ ತಿಂಗಳ ಗಣೇಶ ಚೌತಿಗೆ ರಾಜ್ಯ ಸರ್ಕಾರ ಸಾರ್ವಜನಿಕ ಗಣಪತಿಗೆ ಒಪ್ಪಿಗೆ ಕೊಟ್ಟಿತು. ಮೂರ್ತಿ 4 ಅಡಿ ಮೀರಬಾರದು, ಒಮ್ಮೆಗೆ 20 ಜನರಷ್ಟೇ ನಿಲ್ಲಬೇಕು, ಸಂಗೀತ-ನೃತ್ಯದ ಕಾರ್ಯಕ್ರಮ ಮಾತ್ರ ಕೂಡದು. ಸೆಪ್ಟೆಂಬರ್ 21ರಿಂದ ಕೇಂದ್ರದ ಮಾರ್ಗಸೂಚಿ ಸಾಂಸ್ಕೃತಿಕ, ಧಾರ್ಮಿಕ ಸಭೆಗಳಿಗೆ 100 ಜನರ ಮಿತಿ ಹಾಕಿ ಬಾಗಿಲು ತೆರೆಯಿತು. ಅಕ್ಟೋಬರ್ 15ರ ಹೊತ್ತಿಗೆ ಮತ್ತಷ್ಟು ಸಡಿಲವಾಯಿತು. ಒಳಾಂಗಣವಾದರೆ ಅರ್ಧ ಆಸನ, ಅದೂ 200 ದಾಟಬಾರದು. ಬಯಲಾದರೆ ಜಾಗದ ಅಳತೆಗೆ ತಕ್ಕ ಹಾಗೆ. ಈ ಕೊನೆಯ ಮಾತಿನಲ್ಲಿ ಬಯಲು ಮತ್ತು ಖೋಲಿ ಬೇರೆ ಬೇರೆ ಎಂಬ ತಿಳಿವಳಿಕೆ ಕಾಣಿಸಿತು. ಆ ಒಂದು ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕಿತ್ತು ಎಂಬುದು ನನ್ನ ಮಾತು.

ಏಕೆಂದರೆ ಬರೀ ‘ಬೇಡ’ ಎಂದದ್ದು ನಡೆಯಲಿಲ್ಲ. 2020ರ ಏಪ್ರಿಲ್ 16ರಂದು, ಲಾಕ್‌ಡೌನ್ ಗಟ್ಟಿಯಾಗಿದ್ದಾಗಲೇ, ಚಿತ್ತಾಪುರ ತಾಲೂಕಿನ ರಾವೂರಿನಲ್ಲಿ ಸಿದ್ಧಲಿಂಗೇಶ್ವರನ ತೇರನ್ನು ನೂರಾರು ಜನ ಸೇರಿ ಎಳೆದರು. ಪ್ರಕರಣ ದಾಖಲಾಯಿತು, ದೇಶದ ತುಂಬ ಸುದ್ದಿಯಾಯಿತು. ಆ ಜನರನ್ನು ಬೈದವರೇ ಹೆಚ್ಚು. ಅಪಾಯ ದೊಡ್ಡದಿತ್ತು, ಅದನ್ನು ನಾನು ಒಪ್ಪುತ್ತೇನೆ. ಆದರೆ ತಲೆತಲಾಂತರದಿಂದ ವರ್ಷಕ್ಕೊಮ್ಮೆ ಹಗ್ಗಕ್ಕೆ ಕೈ ಹಚ್ಚಿದವರಿಗೆ ಹೀಗೆ ಮಾಡಿ, ಇಷ್ಟೇ ಜನ ಮಾಡಿ ಎಂದು ತಿಳಿಸಿ ಹೇಳುವ ಒಂದು ಮಾತು ಊರೊಳಗಿಂದಲೇ ಹೊರಡಬೇಕಿತ್ತು. ಮೈಸೂರಿಗೆ ಅಂಥ ಮಾತು ಸಿಕ್ಕಿತು. ಆ ವರ್ಷದ ದಸರಾ ನಿಲ್ಲಲಿಲ್ಲ. ಅಕ್ಟೋಬರ್ 26ರಂದು ಆನೆ ಅಭಿಮನ್ಯು ಮೊದಲ ಸಲ ಅಂಬಾರಿ ಹೊತ್ತು, 300 ಜನರ ಮಿತಿಯೊಳಗೆ, ಅರಮನೆಯ ಅಂಗಳದಲ್ಲೇ ಮೆರವಣಿಗೆ ಮುಗಿಸಿದ. ಮಿಕ್ಕವರು ಟಿ.ವಿ. ಮುಂದೆ ಕೂತು ಕೈ ಮುಗಿದರು. ಅರಮನೆಗೆ ಕಾಂಪೌಂಡ್ ಇದೆ, ಸಮಿತಿ ಇದೆ, ಕ್ಯಾಮೆರಾ ಇದೆ. ಹವಳಗಾದಂಥ ಊರಿಗೆ ಏನಿದೆ?

ಹವಳಗಾ ಅಫಜಲಪುರ ತಾಲೂಕಿನ ಊರು, ಭೀಮಾ ಸೀಮೆಯದು. ಹೊರಗಿನವರಿಗೆ ಅದು ಸಕ್ಕರೆ ಕಾರ್ಖಾನೆಯ ಹೆಸರಿನಿಂದ ಗೊತ್ತು. ಹಂಗಾಮು ಶುರುವಾದರೆ ಕಬ್ಬಿನ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಹಾಡು ಹಚ್ಚಿಕೊಂಡೇ ಸಾಲು ನಿಲ್ಲುತ್ತವೆ. ಈ ಸುತ್ತಿನ ನೆಲವೇ ಹಾಡಿನ ನೆಲ. ಕಡಕೋಳ ಮಡಿವಾಳಪ್ಪನವರು ಹುಟ್ಟಿದ್ದು ಇದೇ ಅಫಜಲಪುರ ತಾಲೂಕಿನ ಬಿದನೂರಿನಲ್ಲಿ. ನೆಲೆನಿಂತದ್ದು ಹಳೆಯ ಜೇವರ್ಗಿ ತಾಲೂಕಿನ ಕಡಕೋಳದಲ್ಲಿ. ಅವರ ಶಿಷ್ಯ ಚನ್ನೂರ ಜಲಾಲ ಸಾಹೇಬರೂ ಜೇವರ್ಗಿ ಸೀಮೆಯವರೇ. ಗುರುವಿನ ಜಾತಿ ಬೇರೆ, ಶಿಷ್ಯನ ಧರ್ಮ ಬೇರೆ. ಇಬ್ಬರ ತತ್ವಪದವನ್ನೂ ಒಂದೇ ಏಕತಾರಿಯ ಮೇಲೆ, ಒಂದೇ ದಮ್ಮಡಿಗೆ ನಮ್ಮ ಭಜನೆಯವರು ಇಂದಿಗೂ ಹಾಡುತ್ತಾರೆ.

ಆ ಭಜನೆ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹನುಮಪ್ಪನ ಗುಡಿಯ ಒಳಗೆ ಹತ್ತಡಿ ಅಗಲದ ಜಾಗ. ಕಲ್ಲಿನ ಗೋಡೆ, ಗಿಡ್ಡ ಬಾಗಿಲು, ಕಿಟಕಿ ಇಲ್ಲ. ಒಂದು ಜಮಖಾನೆಯ ಮೇಲೆ ಹತ್ತು-ಹನ್ನೆರಡು ಮಂದಿ ಎದುರುಬದುರು ಕೂಡುತ್ತಾರೆ, ಮಂಡಿಗೆ ಮಂಡಿ ತಾಗಿಕೊಂಡು. ನಡುವೆ ಒಂದೇ ಮೈಕು. ಮುಂದಾಳು ಒಂದು ನುಡಿ ಎತ್ತಿದರೆ ಮಿಕ್ಕವರು ಅದೇ ಮೈಕಿಗೆ ಬಾಗಿ ಹಿಡಿದು ಹಾಡುತ್ತಾರೆ. ಹಾಡಿನ ವಹಿ ಒಂದೇ. ನಾಲಿಗೆಗೆ ಬೆರಳು ತಾಗಿಸಿ ಹಾಳೆ ಹೊರಳಿಸಿ ಅದನ್ನು ಬಾಜೂದವನಿಗೆ ದಾಟಿಸುತ್ತಾರೆ. ರಾತ್ರಿ ಹನ್ನೊಂದಕ್ಕೆ ಶುರುವಾದದ್ದು ಬೆಳಗಿನ ಮಂಗಳಾರತಿಗೆ ಮುಗಿಯುತ್ತದೆ. ನಡುವೆ ಎರಡು ಸಲ ಚಹಾ.

ಅಮೆರಿಕದ ಆ ಚರ್ಚಿನ ತಾಲೀಮಿಗೂ ಇದಕ್ಕೂ ಏನು ಫರಕು? ಇಲ್ಲಿ ಖೋಲಿ ಇನ್ನೂ ಸಣ್ಣದು, ಹೊತ್ತು ಇನ್ನೂ ಉದ್ದ.

2020ರ ಅಕ್ಟೋಬರ್ ನಡುವಿಗೆ ಭೀಮಾ ಉಕ್ಕಿ ಹರಿದಿತ್ತು. ಮಹಾರಾಷ್ಟ್ರದ ಉಜನಿ, ವೀರ್ ಜಲಾಶಯಗಳಿಂದ ಬಿಟ್ಟ ನೀರು ಸೊನ್ನದ ಬ್ಯಾರೇಜು ದಾಟಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿತು. ಶಾಲೆಗಳಲ್ಲಿ ತೆರೆದ ಕಾಳಜಿ ಕೇಂದ್ರಗಳಲ್ಲಿ ಒಂದೊಂದು ಖೋಲಿಗೆ ಹತ್ತಾರು ಮಂದಿ ಮಲಗಿದರು. ಅಂತರ ಎಂಬ ಮಾತಿಗೆ ಅಲ್ಲಿ ಅರ್ಥವೇ ಇರಲಿಲ್ಲ. ನೀರು ಇಳಿದ ಮೇಲೆ, ತಿಂಗಳ ಕೊನೆಗೆ ಶೀಗಿ ಹುಣ್ಣಿವಿ ಬಂತು. ಹವಳಗಾ ಕಡೆಯ ಒಂದು ಸಣ್ಣ ಭಜನಾ ಮೇಳದ ಹಿರಿಯರು ಆಗ ನನ್ನನ್ನು ಕೇಳಿದ್ದರು, ಭಜನೆ ಮಾಡಬಹುದೋ ಬ್ಯಾಡೋ ಅಂತ. ಗುಡಿಯ ಒಳಗೆ ಬೇಡ, ಹೊರಗೆ ಕಟ್ಟೆಯ ಮೇಲೆ ಮಾಡಿರಿ, ಎರಡು ಗಜದ ಅಂತರ ಇಡಿರಿ ಎಂದೆ. ಎರಡು ಗಜ ಎಂದರೆ ಅವರ ಲೆಕ್ಕದಲ್ಲಿ ನಾಲ್ಕು ಮೊಳ. ಅವರು ತಮ್ಮ ಮೊಳಕೈ ಊರಿ ಜಮಖಾನೆಯ ಮೇಲೆ ಅಳೆದು ನೋಡಿದರು.

“ತಮ್ಮಾ, ಹಾಡು ಅಂದ್ರ ಒಬ್ಬರ ಮಾರಿ ಒಬ್ಬರು ನೋಡಿ ಹಾಡೂದು. ಒಬ್ಬನ ಉಸಿರು ಮುಗಿಯೂದ್ರಾಗ ಇನ್ನೊಬ್ಬ ಎತ್ತಿಕೋಬೇಕು. ನಾಕ್ ಮೊಳ ದೂರ ಕುಂತ್ರ ಅವನ ಉಸಿರು ಯಾವಾಗ ಮುಗೀತಂತ ಹ್ಯಾಂಗ ತಿಳೀಬೇಕು?”

“ಮುತ್ಯಾ, ಕಣ್ಣಿಗೆ ಕಾಣ್ತದಲ್ರಿ” ಎಂದೆ. ಅವರು ಒಪ್ಪಲಿಲ್ಲ. ಅವರ ಮಾತು ಸರಿಯಾಗಿತ್ತು. ಹಿಮ್ಮೇಳದವರು ಕಾಯುವುದು ಕಣ್ಣಿನಿಂದಲ್ಲ, ಮಗ್ಗಲಿಗೆ ಕೂತವನ ಪಕ್ಕೆ ಏರಿಳಿಯುವುದು ತಮ್ಮ ತೋಳಿಗೆ ತಾಗುತ್ತದೆ, ಅದರಿಂದ. ಅಂತರ ಇಡಿರಿ ಎಂಬ ಎರಡು ಪದದ ಸೂಚನೆ ಈ ಕಲೆಯ ನಾಡಿಯನ್ನೇ ಕತ್ತರಿಸುತ್ತದೆ ಎಂಬುದು ನನಗೆ ಆವತ್ತು ತಿಳಿಯಿತು.

ಕೊನೆಗೆ ಅವರೇ ದಾರಿ ಹುಡುಕಿದರು. ಕಟ್ಟೆಯ ಮೇಲೆ ಎಂಟೇ ಮಂದಿ, ಎದುರುಬದುರು ಬಿಟ್ಟು ಒಂದೇ ದಿಕ್ಕಿಗೆ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ಕಮಾನಿನ ಹಾಗೆ ಕೂತರು. ಅಂತರ ನಾಲ್ಕು ಮೊಳ ಆಗಲಿಲ್ಲ, ಎರಡಕ್ಕೆ ನಿಂತಿತು. ಮುಂದಾಳಿಗೆ ಒಂದು ಮೈಕು, ಹಿಮ್ಮೇಳಕ್ಕೆ ಇನ್ನೊಂದು, ಎರಡಕ್ಕೂ ಒಗೆದ ದಸ್ತಿ ಕಟ್ಟಿದ್ದರು. ಉಸಿರಿನ ಸನ್ನೆಯ ಬದಲಿಗೆ ದಮ್ಮಡಿಯವನು ನುಡಿ ಮುಗಿಯುವಾಗ ಒಂದು ಪೆಟ್ಟು ಹೆಚ್ಚು ಹಾಕುವುದೆಂದು ಮಾತಾಯಿತು. ಕೆಮ್ಮು, ಜ್ವರ ಇದ್ದವರು ಮನೆಯಲ್ಲೇ ಉಳಿಯಬೇಕು, ಬಿಟ್ಟವರಿಗೆ ಯಾರೂ ಏನೂ ಅನ್ನಬಾರದು. ಕೇಳುವವರು ತಮ್ಮ ತಮ್ಮ ಮನೆಯ ಮಾಳಿಗೆಯ ಮೇಲೆ ಕೂತರು. ಎರಡು ತಾಸಿಗೆ ಮಂಗಳಾರತಿ. ಮೊದಲ ಎರಡು ಪದ ತಾಳ ತಪ್ಪಿದವು, ಮೂರನೆಯದಕ್ಕೆ ಹದಕ್ಕೆ ಬಂತು.

ಅವರು ಮಾಡಿಕೊಂಡದ್ದಕ್ಕೆ ವಿಜ್ಞಾನದ ಬೆಂಬಲ ಎಷ್ಟಿತ್ತೆಂದು ನಾನು ಆಮೇಲೆ ಓದಿ ತಿಳಿದುಕೊಂಡೆ. ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡವೊಂದು 25 ವೃತ್ತಿಪರ ಗಾಯಕರ ಬಾಯಿಂದ ಹೊರಡುವ ಸೂಕ್ಷ್ಮ ಹನಿಗಳನ್ನು ಅಳೆದಿತ್ತು. ಒಂದೇ ಏರಿನ ದನಿಯಲ್ಲಿ ಮಾತಾಡಿದರೂ ಹಾಡಿದರೂ ಹನಿಗಳ ಪ್ರಮಾಣದಲ್ಲಿ ದೊಡ್ಡ ಫರಕು ಕಾಣಲಿಲ್ಲ. ಮೆಲ್ಲಗೆ ಹಾಡುವುದಕ್ಕೂ ಗಂಟಲು ಬಿಚ್ಚಿ ಹಾಡುವುದಕ್ಕೂ ಮಾತ್ರ 20ರಿಂದ 30 ಪಟ್ಟು ವ್ಯತ್ಯಾಸ ಇತ್ತು. ಅಂದರೆ ತಪ್ಪು ಹಾಡಿನದಲ್ಲ, ಏರುದನಿಯದು. ನಮ್ಮ ಹಾಡುಗಾರರಿಗೆ ಇದನ್ನು ಹೇಳಬೇಕಿತ್ತು: ಮೈಕಿನ ದನಿ ಏರಿಸಿರಿ, ಗಂಟಲಿನ ದನಿ ಇಳಿಸಿರಿ. ಗಣಪತಿಯ ಮುಂದೆ ಜನ ನಿಲ್ಲಬಹುದು, ಸಂಗೀತ ಕೂಡದು ಎಂಬ ನಿಯಮ ಬರೆದವರಿಗೂ ಹೇಳಬೇಕಿತ್ತು. ತೆರೆದ ಬಯಲಲ್ಲಿ ಮೆಲ್ಲಗೆ ನುಡಿಯುವ ಒಂದು ಏಕತಾರಿಗಿಂತ, ತಗಡಿನ ಮಂಟಪದೊಳಗೆ ಜೈಕಾರ ಹಾಕುವ ಇಪ್ಪತ್ತು ಮಂದಿಯಿಂದ ಅಪಾಯ ಹೆಚ್ಚು.

ಎಲ್ಲ ವಾದ್ಯಗಳೂ ಒಂದೇ ಅಲ್ಲ. 2020ರ ಮೇ 1ರಂದು ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ಖಾಲಿ ಸಭಾಂಗಣದಲ್ಲಿ ಕಚೇರಿ ಮಾಡಿದಾಗ ವೇದಿಕೆಯ ಮೇಲೆ 15 ವಾದಕರಿಗಷ್ಟೇ ಜಾಗ. ತಂತಿವಾದ್ಯದವರ ನಡುವೆ 2 ಮೀಟರು, ಊದುವವರ ನಡುವೆ 5 ಮೀಟರು ಬಿಟ್ಟಿದ್ದರು. ಅದೇ ಲೆಕ್ಕ ನಮ್ಮ ಮೇಳಕ್ಕೆ ಹಾಕಿದರೆ ಹಲಗಿ, ತಬಲಾ, ತುಂತುಣಿಯವರು ಮಾಸ್ಕು ಹಾಕಿಕೊಂಡು ಹತ್ತಿರ ಕೂಡಬಹುದು, ಅವರ ಬಾಯಿಗೆ ಕೆಲಸ ಇಲ್ಲ. ಸನಾದಿಯವರಿಗೆ ದೂರದ ಜಾಗ ಬೇಕು. ಗೀಗಿ ಪದದ ಕಷ್ಟ ಬೇರೆ. ಅಲ್ಲಿ ದಪ್ಪು ಹಿಡಿದ ಮುಖ್ಯ ಹಾಡುಗಾರನ ಹಿಂದೆ ಜೀ ಹಿಡಿಯುವವರು ಅವನ ಕಿವಿಗೆ ಬಾಯಿಟ್ಟೇ ಹಾಡುತ್ತಾರೆ. ಹರದೇಶಿ-ನಾಗೇಶಿಯಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದ ನಡುರಾತ್ರಿ ದಾಟಿದ ಮೇಲೆಯೇ ಕಾವೇರುವುದು. ಅದನ್ನು ಎರಡು ತಾಸಿಗೆ ಇಳಿಸಿದರೆ ಸವಾಲು ಉಳಿಯುತ್ತದೆ, ಜವಾಬು ಕತ್ತರಿಯಾಗುತ್ತದೆ. ಎರಡು ಸಂಜೆಗೆ ಹಂಚಬಹುದು, ಒಂದು ಸಂಜೆ ಸವಾಲು, ಇನ್ನೊಂದು ಸಂಜೆ ಜವಾಬು. ಮೊಹರಮ್ಮಿನ ಹೆಜ್ಜೆ ಮೇಳಕ್ಕೆ ಮಾತ್ರ ನನಗೆ ಯಾವ ಉಪಾಯವೂ ತೋಚಿಲ್ಲ. ಅಲಾಯಿ ಕುಣಿಯ ಸುತ್ತ ಹೆಗಲಿಗೆ ಕೈ ಹಾಕಿ ಕುಣಿಯುವ, ಹಿಂದೂ-ಮುಸ್ಲಿಮರೆಂಬ ಭೇದ ಇಲ್ಲದೆ ಒಟ್ಟಿಗೆ ರಿವಾಯತ್ ಹಾಡುವ ಆಟದಲ್ಲಿ ಅಂತರವೇ ಇಲ್ಲ. 2020ರ ಆಗಸ್ಟ್ ಕೊನೆಯ ಮೊಹರಮ್ಮಿಗೆ ಬಹಳ ಊರುಗಳ ಕುಣಿ ಖಾಲಿ ಉಳಿದವು. ಆ ನಷ್ಟವನ್ನು ನಷ್ಟವೆಂದೇ ಒಪ್ಪಿಕೊಳ್ಳಬೇಕು.

ಬಯಲಾಟ, ಸಣ್ಣಾಟದ ಮಟ್ಟಿಗೆ ನಮ್ಮ ಹಿರಿಯರು ಮೊದಲೇ ಬಯಲನ್ನು ಆರಿಸಿಕೊಂಡಿದ್ದಾರೆ. ಸುಗ್ಗಿ ಮುಗಿದ ಹೊಲದಲ್ಲಿ ನಾಲ್ಕು ಕಂಬ ಊರಿದರೆ ಅಟ್ಟ. ನೋಡುವವರಿಗೆ ಗೋಡೆಯೂ ಇಲ್ಲ, ಚಾವಣಿಯೂ ಇಲ್ಲ. ಆದ್ದರಿಂದ ಆಟದಿಂದ ಏನೂ ಆಗುವುದಿಲ್ಲ ಎಂದು ವಾದಿಸುವವರನ್ನು ಕಂಡಿದ್ದೇನೆ. ಅವರು ಆಟವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆಟಕ್ಕಿಂತ ಮುಂಚೆ ಎರಡು ತಿಂಗಳು ಯಾರದೋ ಮನೆಯ ಪಡಸಾಲೆಯಲ್ಲಿ ಬಾಗಿಲು ಹಾಕಿಕೊಂಡು ತಾಲೀಮು ನಡೆದಿರುತ್ತದೆ. ಆಟದ ದಿನ ಪಾತ್ರಧಾರಿಗಳು, ವಾದ್ಯದವರು ಒಂದೇ ಕ್ರೂಸರಿನಲ್ಲಿ ಹದಿನೈದು ಮಂದಿ ತುರುಕಿಕೊಂಡು ಬರುತ್ತಾರೆ. ಬಣ್ಣದ ಖೋಲಿಯಲ್ಲಿ ಒಂದೇ ಕನ್ನಡಿ, ಒಂದೇ ಬಣ್ಣದ ಡಬ್ಬಿ, ಮುಖದಿಂದ ಮುಖಕ್ಕೆ ಅದೇ ಅರಿವೆ. ಆಟ ಮುಗಿದ ಮೇಲೆ ಪಂಕ್ತಿ ಊಟ. ಅಪಾಯ ಇದ್ದದ್ದು ಇಲ್ಲೆಲ್ಲ.

ಇದನ್ನೇ ಜರ್ಮನಿಯ ಹಾಲೆ ವಿಶ್ವವಿದ್ಯಾಲಯದವರು ದೊಡ್ಡ ಖರ್ಚು ಮಾಡಿ ಪರೀಕ್ಷಿಸಿದರು. 2020ರ ಆಗಸ್ಟ್ 22ರಂದು ಲೈಪ್‌ಜಿಗ್ ನಗರದ ಕ್ರೀಡಾಂಗಣದಲ್ಲಿ ಟಿಮ್ ಬೆಂಡ್ಸ್ಕೊ ಎಂಬ ಗಾಯಕರ ಕಚೇರಿ ಇಟ್ಟು, ಸುಮಾರು 1,400 ಸ್ವಯಂಸೇವಕರನ್ನು ಕೂರಿಸಿದರು. ಎಲ್ಲರ ಮುಖಕ್ಕೂ ಮಾಸ್ಕು, ಕೊರಳಿಗೆ ಯಾರು ಯಾರ ಹತ್ತಿರ ಎಷ್ಟು ಹೊತ್ತು ಇದ್ದರೆಂದು ಬರೆದಿಡುವ ಸಣ್ಣ ಯಂತ್ರ. ಕೈಗೆ ಹಚ್ಚಿದ ದ್ರವ ವಿಶೇಷ ಬೆಳಕಿನಲ್ಲಿ ಹೊಳೆಯುವಂಥದ್ದು, ಎಲ್ಲೆಲ್ಲಿ ಕೈ ಇಟ್ಟರೆಂದು ಆಮೇಲೆ ಕಾಣಲಿ ಎಂದು. ಜನ ಒಬ್ಬರಿಗೊಬ್ಬರು ಹೆಚ್ಚು ಹತ್ತಿರವಾದದ್ದು ಹಾಡು ಕೇಳುವಾಗಲ್ಲ, ಒಳಗೆ ಬರುವಾಗ ಮತ್ತು ವಿರಾಮದ ಹೊತ್ತಿನಲ್ಲಿ. ಗಾಳಿಯಾಟ ಸರಿ ಇದ್ದರೆ ಅಪಾಯ ಬಹಳ ಇಳಿಯುತ್ತದೆಂದೂ ಅವರು ಕಂಡರು. ನಮ್ಮಲ್ಲಿ ಅಂಗಳಕ್ಕೆಲ್ಲ ಔಷಧಿ ಸಿಂಪಡಿಸುವುದಕ್ಕೆ ಟ್ಯಾಂಕರ್ ಬಂತು. ಗುಡಿಯ ಗಿಡ್ಡ ಬಾಗಿಲಿನ ಮುಂದೆ ಆಗುವ ನೂಕುನುಗ್ಗಲಿಗೆ ಇನ್ನೊಂದು ದಾರಿ ಮಾಡುವ ಯೋಚನೆ ಬರಲಿಲ್ಲ. ನೆಲ ತೊಳೆದೆವು, ಗಾಳಿಯ ಕಡೆ ನೋಡಲಿಲ್ಲ.

ಇದಕ್ಕೆ ತಜ್ಞರ ಸಮಿತಿ ಬೇಕಿಲ್ಲ. ಜಾತ್ರೆಯ ಪಂಚರು, ಆಶಾ ಕಾರ್ಯಕರ್ತೆ, ಮೇಳದ ಮುಂದಾಳು, ಈ ಮೂವರು ಒಂದು ಕಟ್ಟೆಯ ಮೇಲೆ ಅರ್ಧ ತಾಸು ಕೂತರೆ ಸಾಕು. ಪಡಸಾಲೆಯ ತಾಲೀಮನ್ನು ಅಂಗಳಕ್ಕೆ ತರುವುದು, ಒಂದು ಗಾಡಿಯ ಬದಲು ಎರಡು ಗಾಡಿ ಕಳಿಸುವುದು, ಪಂಕ್ತಿ ಬಿಟ್ಟು ಊಟ ಕಟ್ಟಿಕೊಡುವುದು, ಮನೆಯಲ್ಲಿ ಅಶಕ್ತ ಹಿರಿಯರಿದ್ದವರು ಮುಂದಿನ ಸಾಲಿಗೆ ಬರಬೇಡಿರೆಂದು ಡಂಗುರ ಸಾರುವುದು. ಊರಿಗೆ ಬೇನೆ ಬಂದರೆ ಎಲ್ಲರೂ ಸೇರಿ ಒಂದು ನೇಮಕ್ಕೆ ಒಳಪಡುವುದು ನಮಗೆ ಹೊಸದಲ್ಲ. ಗ್ರಾಮದೇವತೆಯ ಹೆಸರಿನಲ್ಲಿ ವಾರ ಹಿಡಿದರೆ ಆ ದಿನ ಯಾರೂ ಹೊಲಕ್ಕೆ ಹೋಗುವುದಿಲ್ಲ. ಪ್ಲೇಗಿನ ಕಾಲದಲ್ಲಿ ಊರಿಗೆ ಊರೇ ಎದ್ದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡದ್ದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಪ್ಲೇಗಿಗೆಂದು 1897ರಲ್ಲಿ ಬ್ರಿಟಿಷರು ಮಾಡಿದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ ಕರ್ನಾಟಕ 2020ರ ಮಾರ್ಚಿನಲ್ಲಿ ಹೊರತೆಗೆದು ನಿಯಮ ಮಾಡಿತು. ಹಳೆಯ ಕಾಯ್ದೆ ನೆನಪಿಗೆ ಬಂದ ಹಾಗೆ ಊರಿನ ಹಳೆಯ ನೇಮಗಳೂ ನೆನಪಿಗೆ ಬಂದಿದ್ದರೆ ಕೆಲಸ ಹಗುರಾಗುತ್ತಿತ್ತು.

ಉಳಿದದ್ದು ಹೊಟ್ಟೆಯ ಮಾತು. 2021ರ ಮೇ 19ರಂದು ರಾಜ್ಯ ಸರ್ಕಾರ ಘೋಷಿಸಿದ ಪರಿಹಾರದಲ್ಲಿ ಕಲಾವಿದರಿಗೆ ತಲಾ 3,000 ರೂಪಾಯಿ ಇತ್ತು. ಫಲಾನುಭವಿಗಳ ಅಂದಾಜು 16 ಸಾವಿರದಷ್ಟು. ಇಡೀ ಕರ್ನಾಟಕದ ಹಾಡುಗಾರರು, ಕುಣಿಯುವವರು, ನಟರು, ವಾದ್ಯದವರು ಬರೀ 16 ಸಾವಿರವೇ? ಭೀಮಾ ದಂಡೆಯ ಊರುಗಳ ಭಜನೆಯವರು, ಹಲಗಿಯವರು, ಡೊಳ್ಳಿನ ಹಾಡಿನವರನ್ನು ಎಣಿಸಿದರೆ ಆ ಲೆಕ್ಕ ಎಲ್ಲಿಗೆ ಮುಟ್ಟೀತೆಂದು ಯೋಚಿಸಿ. ಅರ್ಜಿ ಹಾಕುವುದಕ್ಕೆ ಕಲಾವಿದ ಎಂಬ ದಾಖಲೆ ಬೇಕು. ಹಲಗಿ ಬಡಿಯುವವನ ಹತ್ತಿರ ಇರುವ ದಾಖಲೆ ಅವನ ಅಂಗೈಯ ಜಡ್ಡು ಒಂದೇ.

ಹಾಗಾಗಿ ಜಾತ್ರೆಯ ಪಂಚರಿಗೆ ನಾನು ಒಂದನ್ನು ಕೇಳುತ್ತಿದ್ದೇನೆ, ಹೋದ ಹೋದ ಊರಿನಲ್ಲೆಲ್ಲ ಕೇಳಿದ್ದೇನೆ. ಮೇಳಕ್ಕೆ ಸಂಚಕಾರ ಕೊಡುವಾಗ ಒಂದು ಚೀಟಿ ಬರೆಯಿರಿ. ಬೇನೆಯಿಂದಲೋ ಹೊಳೆ ಬಂದೋ ಸರ್ಕಾರದ ಆದೇಶದಿಂದಲೋ ಆಟ ನಿಂತರೆ ಸಂಚಕಾರ ವಾಪಸು ಕೇಳುವುದಿಲ್ಲ, ಮಾತಾದ ಹಣದ ಅರ್ಧ ಕೊಡುತ್ತೇವೆ, ಮುಂದಿನ ವರ್ಷದ ಆಟವೂ ನಿಮ್ಮದೇ ಎಂದು. ಊರಿನಲ್ಲಿ ಪಟ್ಟಿ ಎತ್ತುವಾಗಲೇ ಇದಕ್ಕೆಂದು ಮನೆಗೆ ಹತ್ತು ರೂಪಾಯಿ ಹೆಚ್ಚು ಹಿಡಿದು ಬೇರೆ ಗಂಟು ಕಟ್ಟಿಡಬಹುದು. ಚೀಟಿಯ ಒಂದು ಪ್ರತಿ ಪಂಚರ ಹತ್ತಿರ, ಇನ್ನೊಂದು ಮುಂದಾಳಿನ ವಹಿಯಲ್ಲಿ. ಮುಂದೆ ಯಾವಾಗಲಾದರೂ ಸರ್ಕಾರ ಅವನಿಗೆ ಕಲಾವಿದ ಎಂಬ ದಾಖಲೆ ಕೇಳಿದರೆ ತೋರಿಸಲು ಆ ಚೀಟಿಯಾದರೂ ಇರುತ್ತದೆ.